ಸಂಕೀರ್ಣ ವ್ಯವಸ್ಥೆಯನ್ನು ಕಾಗದಕ್ಕಿಳಿಸುವುದು, ಓಡಿಸಿ ನೋಡುವುದು

ನೂರು ಬಾಕ್ಸ್, ಮುನ್ನೂರು ಬಾಣ, ಗೋಡೆ ತುಂಬುವಷ್ಟು ದೊಡ್ಡ ಹಾಳೆ. ಅದರ ಮುಂದೆ ನಿಂತವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ವ್ಯವಸ್ಥೆಗಳ ಚಿತ್ರ ಬರೆಯುವ ಕೆಲಸದಲ್ಲಿ ಇದಕ್ಕಿಂತ ಸಾಮಾನ್ಯವಾದ ಸೋಲು ಇನ್ನೊಂದಿಲ್ಲ. ಬರೆದವರ ಕೈ ಚೆನ್ನಾಗಿಯೇ ಇರುತ್ತದೆ. ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಯಾರೂ ಮೊದಲು ಬರೆದಿಟ್ಟಿರುವುದಿಲ್ಲ, ಅಷ್ಟೆ.

ಲೆಕ್ಕ ನೋಡಿ. 10 ಭಾಗಗಳಿದ್ದರೆ ಅವುಗಳ ನಡುವೆ ಸಾಧ್ಯವಿರುವ ಜೋಡಿ ಸಂಬಂಧಗಳು 45. ಭಾಗಗಳು 20 ಆದರೆ 190, 30 ಆದರೆ 435. ಭಾಗ ಮೂರು ಪಟ್ಟಾದಾಗ ಸಂಬಂಧ ಸುಮಾರು ಹತ್ತು ಪಟ್ಟಾಯಿತು. ಎಲ್ಲವನ್ನೂ ತೋರಿಸುತ್ತೇನೆಂದು ಹೊರಟರೆ ಕಾಗದ ಸೋಲುತ್ತದೆ, ಕಣ್ಣು ಅದಕ್ಕಿಂತ ಮೊದಲೇ ಸೋಲುತ್ತದೆ. ಹಾಗಾಗಿ ಏನನ್ನು ಬಿಡಬೇಕು ಎಂಬ ತೀರ್ಮಾನವೇ ಇಲ್ಲಿ ಅರ್ಧ ಕೆಲಸ. ಉಳಿದರ್ಧ, ಬರೆದದ್ದನ್ನು ಓಡಿಸಿ ನೋಡುವುದು.

ಮೊದಲು ಪ್ರಶ್ನೆ, ಆಮೇಲೆ ಪೆನ್ಸಿಲ್

ಹಾಳೆಯ ತಲೆಯ ಮೇಲೆ ಒಂದೇ ವಾಕ್ಯದ ಪ್ರಶ್ನೆ ಬರೆಯಿರಿ. "ನಮ್ಮ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ?" ಎಂಬುದು ಪ್ರಶ್ನೆಯಲ್ಲ, ಅದೊಂದು ವಿಷಯದ ಹೆಸರು. "ಒಂದು ಸರ್ವರ್ ನಿಂತರೆ ಬಳಕೆದಾರರಿಗೆ ಯಾವ ಸೌಲಭ್ಯ ಸಿಗುವುದಿಲ್ಲ?" ಎಂಬುದು ಪ್ರಶ್ನೆ. ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬಂದರೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಪ್ರಶ್ನೆ ಗಟ್ಟಿಯಾಗಿದ್ದರೆ ಏನನ್ನು ಬಿಡಬಹುದೆಂಬುದು ತಾನಾಗಿ ತಿಳಿಯುತ್ತದೆ. ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಮುಂದೆ ಕೋನಿಗ್ಸ್‌ಬರ್ಗ್ ನಗರದ ಒಗಟೊಂದು ಬಂತು: ಅಲ್ಲಿನ 7 ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಇಡೀ ಊರು ಸುತ್ತಬಹುದೇ? ಆತ ಬೀದಿ, ಮನೆ, ದೂರ, ದಿಕ್ಕು ಎಲ್ಲವನ್ನೂ ಬಿಟ್ಟು, 4 ನೆಲಭಾಗ ಮತ್ತು 7 ಸೇತುವೆಗಳನ್ನಷ್ಟೇ ಉಳಿಸಿಕೊಂಡ. ಯಾವ ನೆಲಭಾಗಕ್ಕೆ ಎಷ್ಟು ಸೇತುವೆ ತಾಗುತ್ತದೆ ಎಂದು ಎಣಿಸಿದರೆ 5, 3, 3, 3. ಬೆಸಸಂಖ್ಯೆಯ ಜಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ಅಂಥ ಸುತ್ತಾಟ ಆಗದು. ಇಲ್ಲಿ ನಾಲ್ಕೂ ಬೆಸ. ಒಗಟು ಮುಗಿಯಿತು. 1933ರಲ್ಲಿ ಅಚ್ಚಾದ ಹ್ಯಾರಿ ಬೆಕ್‌ನ ಲಂಡನ್ ಸುರಂಗ ರೈಲಿನ ನಕ್ಷೆಯಲ್ಲೂ ಇದೇ ಧೈರ್ಯವಿದೆ. ಹಳಿಗಳೆಲ್ಲ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿಯ ಗೆರೆಗಳಾದವು. ನೆಲದ ಮೇಲಿನದರಲ್ಲಿ ಥೇಮ್ಸ್ ನದಿಯೊಂದು ಉಳಿಯಿತು. ಎಲ್ಲಿ ಹತ್ತಬೇಕು, ಎಲ್ಲಿ ಗಾಡಿ ಬದಲಿಸಬೇಕು ಎನ್ನುವವರಿಗೆ ಅದು ಸಾಕು. ಎರಡು ನಿಲ್ದಾಣಗಳ ನಡುವೆ ನಡೆದು ಹೋಗಬಹುದೇ ಎಂದು ಅದೇ ನಕ್ಷೆಯನ್ನು ಕೇಳಿದರೆ ದಾರಿ ತಪ್ಪಿಸುತ್ತದೆ. ಅದು ನಕ್ಷೆಯ ದೋಷವಲ್ಲ, ಆ ಪ್ರಶ್ನೆಗೆ ಬೇರೆ ನಕ್ಷೆ ಬೇಕು.

ಪ್ರಶ್ನೆಯ ಕೆಳಗೆ ಮೂರು ಪಟ್ಟಿ ಮಾಡಿ. ಒಳಗೆ ಇರುವುದು: ಇದನ್ನು ನಾವು ಲೆಕ್ಕ ಹಾಕುತ್ತೇವೆ. ಹೊರಗಿನಿಂದ ಬರುವುದು: ಇದನ್ನು ಕೊಟ್ಟ ಸಂಖ್ಯೆಯಾಗಿ ಒಪ್ಪಿಕೊಳ್ಳುತ್ತೇವೆ. ಬಿಟ್ಟದ್ದು: ಇದೆ ಎಂದು ಗೊತ್ತು, ಆದರೂ ಬಿಟ್ಟಿದ್ದೇವೆ. ಮೂರನೆಯ ಪಟ್ಟಿ ಬರೆಯಲು ಜನ ಬೇಸರಪಡುತ್ತಾರೆ. ಆದರೆ ಆರು ತಿಂಗಳ ಮೇಲೆ ಮಾದರಿ ಏಕೆ ತಪ್ಪಿತು ಎಂದು ಹುಡುಕುವಾಗ ಮೊದಲು ಬಿಚ್ಚುವುದು ಆ ಪಟ್ಟಿಯನ್ನೇ.

ಬಾಣಕ್ಕೆ ಮುಂಚೆ ಚೌಕಗಳ ಕೋಷ್ಟಕ

ಬಾಕ್ಸ್ ಮತ್ತು ಬಾಣದ ಚಿತ್ರಕ್ಕೆ ನೇರ ಕೈ ಹಾಕಬೇಡಿ. ಚಿತ್ರ ಬರೆಯುವಾಗ ನಮಗೆ ಗೊತ್ತಿರುವ ಸಂಬಂಧಗಳನ್ನಷ್ಟೇ ಬರೆಯುತ್ತೇವೆ. ಕೋಷ್ಟಕ ಹಾಗಲ್ಲ, ಪ್ರತಿ ಜೋಡಿಯ ಬಗ್ಗೆಯೂ ನಮ್ಮನ್ನು ಕೇಳುತ್ತದೆ.

12ರಿಂದ 20 ಭಾಗಗಳನ್ನು ಆರಿಸಿ. ಅದಕ್ಕಿಂತ ಹೆಚ್ಚಿದ್ದರೆ ಕೆಲವನ್ನು ಒಟ್ಟಿಗೆ ಕಟ್ಟಿ ಒಂದು ಹೆಸರಿಡಿ. ಸ್ಪ್ರೆಡ್‌ಶೀಟಿನಲ್ಲಿ ಅವನ್ನು ಮೇಲಿಂದ ಕೆಳಕ್ಕೆ ಒಮ್ಮೆ, ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಇನ್ನೊಮ್ಮೆ ಬರೆಯಿರಿ. ಕರ್ಣದ ಚೌಕಗಳಿಗೆ ಕಪ್ಪು ಬಣ್ಣ ಹಾಕಿ. ಉಳಿದ ಪ್ರತಿ ಚೌಕಕ್ಕೂ ಒಂದೇ ಪ್ರಶ್ನೆ: ಎಡಬದಿಯಲ್ಲಿ ಹೆಸರಿರುವ ಭಾಗ ಕೆಲಸ ಮಾಡಲು ಮೇಲ್ಗಡೆ ಹೆಸರಿರುವ ಭಾಗದಿಂದ ಏನಾದರೂ ಬೇಕೇ? ಬೇಕಾದರೆ 1, ಇಲ್ಲದಿದ್ದರೆ ಖಾಲಿ. 15 ಭಾಗಗಳಿಗೆ 210 ಚೌಕ. ಒಂದಕ್ಕೆ ಅರ್ಧ ನಿಮಿಷವಾದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ.

ಕೋಷ್ಟಕ ತುಂಬಿದ ಮೇಲೆ ಓದಿ. ಒಂದು ಕಂಬಸಾಲಿನ ತುಂಬ 1 ಇದ್ದರೆ ಆ ಭಾಗದ ಮೇಲೆ ಎಲ್ಲರೂ ಅವಲಂಬಿಸಿದ್ದಾರೆ, ಅದನ್ನು ಮುಟ್ಟಿದರೆ ಎಲ್ಲ ಕಡೆ ಪರಿಣಾಮ. ಒಂದು ಅಡ್ಡಸಾಲಿನ ತುಂಬ 1 ಇದ್ದರೆ ಆ ಭಾಗ ಎಲ್ಲರನ್ನೂ ನಂಬಿ ಕೂತಿದೆ, ಮೊದಲು ಕೆಡುವುದೂ ಅದೇ. ಆಮೇಲೆ ಸಾಲುಗಳನ್ನು ಮೇಲೆ ಕೆಳಗೆ ಸರಿಸಿ, 1ಗಳೆಲ್ಲ ಕರ್ಣದ ಕೆಳಗೆ ಬರುವಂತೆ ನೋಡಿ. ಅಡ್ಡಸಾಲು ಸರಿಸಿದಾಗ ಅದೇ ಹೆಸರಿನ ಕಂಬಸಾಲನ್ನೂ ಸರಿಸಬೇಕು; ಮರೆತರೆ ಕೋಷ್ಟಕ ಸುಳ್ಳಾಗುತ್ತದೆ. ಏನೇ ಮಾಡಿದರೂ ಕರ್ಣದ ಮೇಲ್ಭಾಗದಲ್ಲೇ ಉಳಿಯುವ 1ಗಳು ಚಕ್ರಗಳ ಗುರುತು: ಇದಕ್ಕೆ ಅದು ಬೇಕು, ಅದಕ್ಕೆ ಇದು ಬೇಕು. ಅವುಗಳನ್ನು ಕೆಂಪು ಮಾಡಿಡಿ. ವಿನ್ಯಾಸದ ತಲೆನೋವೆಲ್ಲ ಅಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಅಡ್ಡಸಾಲು ಪಡೆಯುವವನೋ ಕೊಡುವವನೋ ಎಂಬುದರಲ್ಲಿ ಎರಡು ಪದ್ಧತಿಗಳೂ ಬಳಕೆಯಲ್ಲಿವೆ. ಬೇರೆಯವರ ಕೋಷ್ಟಕವನ್ನು ನಿಮ್ಮ ಪದ್ಧತಿಯಲ್ಲಿ ಓದಿದರೆ ಎಲ್ಲ ತಿರುವುಮುರುವಾಗುತ್ತದೆ. ಪದ್ಧತಿಯನ್ನು ಮೂಲೆಯಲ್ಲಿ ಬರೆದಿಡಿ. ಇನ್ನೊಂದು ಸಾಮಾನ್ಯ ತಪ್ಪು, "ಸಂಬಂಧವಿದೆ" ಎಂದು ಅನಿಸಿದ ಕಡೆಯೆಲ್ಲ 1 ಹಾಕುವುದು. ಜಗತ್ತಿನಲ್ಲಿ ಎಲ್ಲಕ್ಕೂ ಎಲ್ಲದರ ಸಂಬಂಧವಿದೆ; ಏನು ಹರಿಯುತ್ತದೆ ಎಂದು ಹೇಳಲಾಗದಿದ್ದರೆ, ಅಂದರೆ ಮಾಹಿತಿಯೋ ವಸ್ತುವೋ ಶಕ್ತಿಯೋ ಆದೇಶವೋ ಎಂದು ಹೆಸರಿಸಲು ಬಾರದಿದ್ದರೆ, ಚೌಕ ಖಾಲಿ ಇರಲಿ.

ಚಕ್ರ ಕಂಡರೆ ಸಂಖ್ಯೆ ಕೊಡಿ

ಕೆಂಪು ಚಕ್ರಗಳನ್ನು ಬಿಡಿಸಿ ಬೇರೆ ಹಾಳೆಯಲ್ಲಿ ಬರೆಯಿರಿ. ಇಲ್ಲಿ ಬಾಕ್ಸಿನೊಳಗೆ ಇರಬೇಕಾದ್ದು ಹೆಚ್ಚುಕಡಿಮೆ ಆಗಬಲ್ಲ ಪ್ರಮಾಣ. "ನಿರ್ವಹಣೆ" ಎಂದು ಬರೆದರೆ ಅದು ಹೆಚ್ಚಾಗುವುದೆಂದರೇನು ಎಂದು ಯಾರಿಗೂ ತಿಳಿಯದು. "ಬಾಕಿ ಉಳಿದ ದುರಸ್ತಿಗಳ ಸಂಖ್ಯೆ" ಎಂದು ಬರೆಯಿರಿ. ಬಾಣದ ಬುಡದಲ್ಲಿರುವುದು ಹೆಚ್ಚಿದಾಗ ತುದಿಯಲ್ಲಿರುವುದೂ ಹೆಚ್ಚಿದರೆ ಕೂಡು ಚಿಹ್ನೆ, ಕಡಿಮೆಯಾದರೆ ಕಳೆ ಚಿಹ್ನೆ. ಚಕ್ರ ಪೂರ್ತಿ ಸುತ್ತಿ ಕಳೆ ಚಿಹ್ನೆಗಳನ್ನು ಎಣಿಸಿ. ಸೊನ್ನೆ ಅಥವಾ ಸಮಸಂಖ್ಯೆಯಾದರೆ ಅದು ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಚಕ್ರ. ಬೆಸವಾದರೆ ತನ್ನನ್ನು ತಾನೇ ತಡೆಯುವ ಚಕ್ರ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ತಡೆಯುವ ಚಕ್ರ ಎಂದರೆ ವ್ಯವಸ್ಥೆ ನೆಮ್ಮದಿಯಾಗಿ ನೆಲೆ ನಿಲ್ಲುತ್ತದೆ ಎಂದು ನಂಬಿಬಿಡುತ್ತಾರೆ. ಅದು ಸುಳ್ಳು ಎಂದು ತೋರಿಸಲು ಒಂದು ನೀರಿನ ಟ್ಯಾಂಕ್ ಸಾಕು.

ಟ್ಯಾಂಕಿನ ಗುರಿ ಮಟ್ಟ 1000 ಲೀಟರ್. ನಿಮಿಷಕ್ಕೆ 50 ಲೀಟರ್ ಖರ್ಚಾಗುತ್ತದೆ, ಪಂಪು ಅಷ್ಟನ್ನೇ ತುಂಬುತ್ತದೆ. ಮಟ್ಟ ಕೆಳಗಿಳಿದರೆ, ಕೊರತೆಯ ಒಂದು ಪಾಲನ್ನು ಪಂಪು ಪ್ರತಿ ನಿಮಿಷ ಹೆಚ್ಚುವರಿಯಾಗಿ ತುಂಬುತ್ತದೆ. ಮೇಲೇರಿದರೆ ಅದೇ ಪಾಲಿನಷ್ಟು ಕಡಿಮೆ ತುಂಬುತ್ತದೆ. ಆದರೆ ಮಟ್ಟದ ಸುದ್ದಿ ಪಂಪಿಗೆ 2 ನಿಮಿಷ ತಡವಾಗಿ ತಲುಪುತ್ತದೆ. ಈಗ ಒಮ್ಮೆಲೇ 100 ಲೀಟರ್ ಯಾರೋ ತೆಗೆದರು, ಮಟ್ಟ 900ಕ್ಕೆ ಬಂತು. ಪ್ರತಿ ನಿಮಿಷದ ಹೊಸ ಮಟ್ಟ = ಈಗಿನ ಮಟ್ಟ + ಪಾಲು × (1000 − ಎರಡು ನಿಮಿಷ ಹಿಂದಿನ ಮಟ್ಟ). ಇದನ್ನು ಪೆನ್ಸಿಲ್ಲಿನಲ್ಲೇ ಮಾಡಿ.

ಪಾಲು 0.1 ಇದ್ದಾಗ: 900, 900, 900, 910, 920, 930, 939, 947, 954. ನಿಧಾನ, ಆದರೆ ಗುರಿಯನ್ನು ದಾಟದೆ ಮೇಲೇರುತ್ತದೆ.

ಪಾಲು 0.5 ಇದ್ದಾಗ: 900, 900, 900, 950, 1000, 1050, 1075, 1075, 1050, 1012.5, 975, 950, 943.75. ಗುರಿ ದಾಟಿತು, ಮತ್ತೆ ಕೆಳಗಿಳಿಯಿತು. ತೂಗಾಟ ಸ್ವಲ್ಪಸ್ವಲ್ಪವೇ ಸಣ್ಣದಾಗುತ್ತದೆ.

ಪಾಲು 1 ಇದ್ದಾಗ: 900, 900, 900, 1000, 1100, 1200, 1200, 1100, 900, 700, 600. ಪ್ರತಿ ಸುತ್ತಿಗೂ ತೂಗಾಟ ಬೆಳೆಯುತ್ತದೆ.

ಮೂರಕ್ಕೂ ಚಿತ್ರ ಒಂದೇ, ಚಿಹ್ನೆಗಳೂ ಒಂದೇ. ನಡತೆ ಮಾತ್ರ ಬೇರೆ ಬೇರೆ. ಎರಡು ಹೆಜ್ಜೆಯ ತಡವಿರುವ ಈ ಲೆಕ್ಕದಲ್ಲಿ ಪಾಲು ಸುಮಾರು 0.148ರ ಒಳಗಿದ್ದರೆ ತೂಗಾಟವೇ ಇಲ್ಲ, ಅಲ್ಲಿಂದ 0.618ರವರೆಗೆ ತೂಗಿ ನಿಲ್ಲುತ್ತದೆ, ಅದರಾಚೆ ನಿಲ್ಲುವುದಿಲ್ಲ. ಹೆಜ್ಜೆಗಳಿಲ್ಲದ, ಎಡೆಬಿಡದೆ ನಡೆಯುವ ವ್ಯವಸ್ಥೆಗಳಿಗೆ ಇನ್ನೂ ಸುಲಭದ ಅಳತೆಯಿದೆ: ತಡವನ್ನು ಸರಿಪಡಿಸುವ ವೇಗದಿಂದ ಗುಣಿಸಿ. ಗುಣಲಬ್ಧ 0.37ರೊಳಗಿದ್ದರೆ ನಯ, 1.57 ದಾಟಿದರೆ ಅಂಕೆ ತಪ್ಪುತ್ತದೆ. ಬೇಗ ಸರಿಮಾಡಬೇಕೆಂಬ ಆತುರಕ್ಕೆ ಜೋರಾಗಿ ತಿದ್ದುವುದಕ್ಕಿಂತ ಸುದ್ದಿಯ ತಡವನ್ನು ಕಡಿಮೆ ಮಾಡುವುದು ಮೇಲು ಎನ್ನುವುದು ಇದರಿಂದಲೇ. ಸರ್ವರ್‌ಗಳ ಸಂಖ್ಯೆಯನ್ನು ತಾನಾಗಿ ಏರಿಸಿ ಇಳಿಸುವ ಸಾಫ್ಟ್‌ವೇರ್, ಕೋಣೆಯ ಉಷ್ಣತೆ ಕಾಯುವ ಯಂತ್ರ, ನೋಡುಗರ ಚಲನೆಗೆ ಬೆಳಕು ಬದಲಿಸುವ ಕಲಾಕೃತಿ, ಎಲ್ಲಕ್ಕೂ ಇದೇ ಲೆಕ್ಕ.

ಮೂರನೆಯ ಸಾಲಿನಲ್ಲಿ ಒಂದು ಮೋಸ ಅಡಗಿದೆ, ಗಮನಿಸಿದಿರಾ? ಸುದ್ದಿ 1200 ಎಂದು ಬಂದಾಗ ಪಂಪು 200 ಲೀಟರ್ ಕಡಿಮೆ ತುಂಬಬೇಕು. ಆದರೆ ಅದು ತುಂಬುವುದೇ 50. ಪೂರ್ತಿ ನಿಂತರೂ 50ಕ್ಕಿಂತ ಹೆಚ್ಚು ಕಡಿಮೆ ಮಾಡಲಾಗದು. ಲೆಕ್ಕ ಮಾತ್ರ ಟ್ಯಾಂಕಿನಿಂದ ನೀರು ಹೀರಿಸುತ್ತಿದೆ. ಪಂಪಿನ ಹರಿವು ಸೊನ್ನೆಗಿಂತ ಕೆಳಗೆ ಹೋಗದಂತೆ ಮಿತಿ ಹಾಕಿ ಮತ್ತೆ ಮಾಡಿದರೆ, ತೂಗಾಟ ಬೆಳೆಯುತ್ತ ಹೋಗುವ ಬದಲು 900 ಮತ್ತು 1200ರ ನಡುವೆ ಸಿಕ್ಕಿಕೊಂಡು 11 ನಿಮಿಷಕ್ಕೊಮ್ಮೆ ಅದೇ ಸುತ್ತು ಹಾಕುತ್ತದೆ, ಎಂದಿಗೂ ನಿಲ್ಲದೆ. ನಿಜವಾದ ಯಂತ್ರಗಳು ಕೆಟ್ಟಾಗ ತೋರುವ ಲಕ್ಷಣ ಇದೇ: ಸಿಡಿಯುವುದಿಲ್ಲ, ಒಂದೇ ಲಯದಲ್ಲಿ ನರಳುತ್ತವೆ. ಪ್ರತಿ ಹರಿವಿಗೂ ಕನಿಷ್ಠ, ಗರಿಷ್ಠ ಬರೆಯದೆ ಯಾವ ಮಾದರಿಯನ್ನೂ ಓಡಿಸಬೇಡಿ. ಜೊತೆಗೆ ಪ್ರತಿ ಬಾಣದ ಮೇಲೆ ಅಳತೆಯ ಘಟಕ ಬರೆಯಿರಿ. ಲೀಟರನ್ನೂ ಲೀಟರ್ ಪ್ರತಿ ನಿಮಿಷವನ್ನೂ ಕೂಡಿಸಿದ ತಪ್ಪು ಚಿತ್ರದಲ್ಲಿ ಕಾಣದು, ಘಟಕದಲ್ಲಿ ಕಾಣುತ್ತದೆ.

ಸಾಲು ನಿಲ್ಲುವ ವ್ಯವಸ್ಥೆಗಳಿಗೆ, ಅಂದರೆ ಪ್ರಿಂಟರಿಗೆ ಬಂದ ಫೈಲುಗಳೋ ಸರ್ವರಿಗೆ ಬಂದ ಕೋರಿಕೆಗಳೋ ಇದ್ದಲ್ಲಿ, ಇಂಥದ್ದೇ ಇನ್ನೊಂದು ಲೆಕ್ಕ ಜೇಬಿನಲ್ಲಿರಲಿ. ಬರುವ ಸಮಯವೂ ಕೆಲಸದ ಅವಧಿಯೂ ಯಾದೃಚ್ಛಿಕವಾಗಿದ್ದು ಕೆಲಸ ಮಾಡುವವರು ಒಬ್ಬರೇ ಆಗಿದ್ದರೆ, ವ್ಯವಸ್ಥೆಯಲ್ಲಿ ಸರಾಸರಿ ಇರುವ ಕೆಲಸಗಳ ಸಂಖ್ಯೆ = ಬಳಕೆ ÷ (1 − ಬಳಕೆ). ಬಳಕೆ ಎಂದರೆ ಒಟ್ಟು ಸಮಯದಲ್ಲಿ ಕೆಲಸ ನಡೆಯುತ್ತಿರುವ ಪಾಲು. ಅದು ಶೇ. 50 ಇದ್ದರೆ 1, ಶೇ. 80ಕ್ಕೆ 4, 90ಕ್ಕೆ 9, 95ಕ್ಕೆ 19. ಯಂತ್ರ ಒಂದು ಕ್ಷಣವೂ ಖಾಲಿ ಕೂರಬಾರದು ಎನ್ನುವವರಿಗೆ ಈ ನಾಲ್ಕು ಸಂಖ್ಯೆ ತೋರಿಸಿ.

ಸ್ಥಿತಿಗಳ ಪಟ್ಟಿ: ಖಾಲಿ ಚೌಕವೇ ದೋಷ

ಹರಿವಿಗಿಂತ ಸರದಿ ಮುಖ್ಯವಾದಾಗ ಸ್ಥಿತಿಗಳ ಕೋಷ್ಟಕ ಬರೆಯಬೇಕು. ಲಿಫ್ಟನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆದಿದೆಯೇ, ಚಲಿಸುತ್ತಿದೆಯೇ, ಭಾರ ಹೆಚ್ಚಾಗಿದೆಯೇ, ಬೆಂಕಿಯ ಎಚ್ಚರಿಕೆ ಬಂದಿದೆಯೇ: ನಾಲ್ಕು ಹೌದು/ಇಲ್ಲಗಳಿಂದ 16 ಸ್ಥಿತಿ. ಐದನೆಯದು ಸೇರಿದರೆ 32. ಇವುಗಳಲ್ಲಿ "ಬಾಗಿಲು ತೆರೆದು ಚಲಿಸುತ್ತಿದೆ" ಎಂಬುದು ಎಂದೂ ಬರಬಾರದು. ಹೌದು/ಇಲ್ಲಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಬರಬಾರದ ಸ್ಥಿತಿಗೂ ಜಾಗ ಸಿಗುತ್ತದೆ. ಸ್ಥಿತಿಗಳಿಗೆ ಹೆಸರಿಟ್ಟು ಒಂದು ಹೊತ್ತಿಗೆ ಒಂದೇ ಎಂದು ಕಟ್ಟಿದರೆ ಅಂಥದ್ದು ಹುಟ್ಟುವುದೇ ಇಲ್ಲ.

ಬಾಗಿಲಿಗೆ ತೆರೆದಿದೆ, ಮುಚ್ಚುತ್ತಿದೆ, ಮುಚ್ಚಿದೆ, ತೆರೆಯುತ್ತಿದೆ ಎಂಬ ನಾಲ್ಕು ಅಡ್ಡಸಾಲು. ಗುಂಡಿ ಒತ್ತಿದರು, ಏನೋ ಅಡ್ಡ ಬಂತು, ಸಮಯ ಮುಗಿಯಿತು, ತುದಿ ಮುಟ್ಟಿತು, ವಿದ್ಯುತ್ ಹೋಯಿತು ಎಂಬ ಐದು ಕಂಬಸಾಲು. ಒಟ್ಟು 20 ಚೌಕ, ಪ್ರತಿಯೊಂದರಲ್ಲೂ ಮುಂದಿನ ಸ್ಥಿತಿಯನ್ನು ಬರೆಯಿರಿ. ಏನೂ ಆಗುವುದಿಲ್ಲ ಎಂದಾದರೆ "ಬದಲಾವಣೆ ಇಲ್ಲ" ಎಂದು ಬರೆಯಬೇಕು, ಖಾಲಿ ಬಿಡಬಾರದು. "ಮುಚ್ಚುತ್ತಿರುವಾಗ ಅಡ್ಡ ಬಂತು" ಎಂಬ ಚೌಕವನ್ನು ಎಲ್ಲರೂ ತುಂಬುತ್ತಾರೆ. "ತೆರೆಯುತ್ತಿರುವಾಗ ವಿದ್ಯುತ್ ಹೋಯಿತು" ಎಂಬುದು ಬಹುತೇಕ ಖಾಲಿ ಉಳಿಯುತ್ತದೆ. ಕೋಷ್ಟಕ ತೀರಾ ದೊಡ್ಡದಾದರೆ ಸ್ಥಿತಿಯೊಳಗೆ ಸ್ಥಿತಿ ಇಡಿ: "ಸಾಮಾನ್ಯ" ಎಂಬ ದೊಡ್ಡ ಸ್ಥಿತಿಯೊಳಗೆ ಈ ನಾಲ್ಕು, ಪಕ್ಕದಲ್ಲಿ "ಬೆಂಕಿ". ಎಚ್ಚರಿಕೆ ಬಂದರೆ ನಾಲ್ಕರಿಂದಲೂ ಬೇರೆ ಬೇರೆ ಬಾಣ ಬೇಡ, ದೊಡ್ಡ ಸ್ಥಿತಿಯಿಂದ ಒಂದೇ ಸಾಕು. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಈ ಉಪಾಯ ಇಂದಿಗೂ ಹಾಗೆಯೇ ಬಳಕೆಯಲ್ಲಿದೆ.

ಕೆಳಗಿನಿಂದ ಕಟ್ಟುವುದು

ಕೆಲವು ವ್ಯವಸ್ಥೆಗಳಿಗೆ ಮೇಲಿನಿಂದ ಬರೆಯುವ ಚಿತ್ರವೇ ಇಲ್ಲ. ಹಕ್ಕಿಗಳ ಹಿಂಡಿಗೆ ನಾಯಕನಿಲ್ಲ, ನಕ್ಷೆಯೂ ಇಲ್ಲ. ಪ್ರತಿ ಹಕ್ಕಿ ಪಕ್ಕದವರನ್ನು ನೋಡುತ್ತದೆ, ಅಷ್ಟೆ. ಇಲ್ಲಿ ಬರೆಯಬೇಕಾದ್ದು ನಿಯಮ. 1986ರಲ್ಲಿ ಕ್ರೇಗ್ ರೆನಾಲ್ಡ್ಸ್ ಮೂರೇ ನಿಯಮಗಳಿಂದ ಪರದೆಯ ಮೇಲೆ ಹಿಂಡು ಹಾರಿಸಿದರು: ತೀರಾ ಹತ್ತಿರ ಬಂದವರಿಂದ ದೂರ ಸರಿ, ಸುತ್ತಲಿನವರು ಹೋಗುವ ದಿಕ್ಕಿಗೆ ತಿರುಗು, ಅವರ ನಡುಬಿಂದುವಿನತ್ತ ಸಾಗು.

ಮಾಡಿ ನೋಡಲು ಈ ಅಳತೆಗಳಿಂದ ಶುರು ಮಾಡಿ. ಪರದೆ 800 × 600 ಪಿಕ್ಸೆಲ್, ಹಕ್ಕಿಗಳು 150. ಸುತ್ತಲಿನವರು ಎಂದರೆ 50 ಪಿಕ್ಸೆಲ್ ಒಳಗಿನವರು, ತೀರಾ ಹತ್ತಿರ ಎಂದರೆ 25. ಗರಿಷ್ಠ ವೇಗ ಫ್ರೇಮಿಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, 3 ಪಿಕ್ಸೆಲ್. ಒಂದು ಫ್ರೇಮಿನಲ್ಲಿ ವೇಗ 0.05ಕ್ಕಿಂತ ಹೆಚ್ಚು ಬದಲಾಗಬಾರದು. ದೂರ ಸರಿಯುವ ನಿಯಮದ ತೂಕ 1.5, ಉಳಿದೆರಡಕ್ಕೆ 1. ಮೂರನ್ನೂ ಒಟ್ಟಿಗೆ ಬರೆಯಬೇಡಿ. ಮೊದಲು ದೂರ ಸರಿಯುವುದು ಮಾತ್ರ. ಹಕ್ಕಿಗಳು ಸಮವಾಗಿ ಹರಡಬೇಕು. ಅದನ್ನು ತೆಗೆದು ನಡುಬಿಂದುವಿನ ನಿಯಮ, ಮುದ್ದೆಗಳಾಗಬೇಕು. ಒಂದೊಂದೂ ಸರಿ ಎಂದು ಕಂಡ ಮೇಲೆ ಕೂಡಿಸಿ.

ಕೆಡುವ ಜಾಗಗಳು ನಾಲ್ಕು. ದಿಕ್ಕನ್ನು ಡಿಗ್ರಿಯಲ್ಲಿ ಸರಾಸರಿ ಮಾಡಿದರೆ 350 ಮತ್ತು 10ರ ಸರಾಸರಿ 180 ಬರುತ್ತದೆ, ಹಕ್ಕಿಗಳು ಕಾರಣವಿಲ್ಲದೆ ಹಿಂದಕ್ಕೆ ತಿರುಗುತ್ತವೆ. ದಿಕ್ಕುಗಳನ್ನು ವೆಕ್ಟರ್‌ಗಳಾಗಿ, ಅಂದರೆ ಉದ್ದವೂ ದಿಕ್ಕೂ ಇರುವ ಬಾಣಗಳಾಗಿ, ಕೂಡಿಸಿ. ಎರಡು ಹಕ್ಕಿ ಒಂದೇ ಬಿಂದುವಿನಲ್ಲಿದ್ದರೆ ದೂರ ಸೊನ್ನೆ, ಭಾಗಾಕಾರ ಕೆಟ್ಟು ಹಕ್ಕಿಯೇ ಮಾಯ. ಭಾಗಿಸುವ ಮುನ್ನ ಪರೀಕ್ಷಿಸಿ. ಬಲಗಡೆ ಹೊರಟದ್ದು ಎಡಗಡೆ ಬರುವಂತೆ ಮಾಡಿದ್ದರೆ, 5ರಲ್ಲಿರುವ ಹಕ್ಕಿಗೂ 795ರಲ್ಲಿರುವ ಹಕ್ಕಿಗೂ ನಿಜವಾದ ದೂರ 10, ಕೋಡಿನ ಲೆಕ್ಕದಲ್ಲಿ 790. ಹಿಂಡು ಅಂಚಿನಲ್ಲಿ ಹರಿದು ಎರಡಾಗುತ್ತದೆ. ಇನ್ನು ವೇಗ: 150 ಹಕ್ಕಿಗಳಿಗೆ ಫ್ರೇಮಿಗೆ 22,350 ಹೋಲಿಕೆ, 3000ಕ್ಕೆ ಸುಮಾರು 90 ಲಕ್ಷ. ಪರದೆಯನ್ನು 50 ಪಿಕ್ಸೆಲ್ ಚೌಕಗಳಾಗಿ ಹಂಚಿ, ತನ್ನ ಚೌಕ ಮತ್ತು ಸುತ್ತಲಿನ 8 ಚೌಕಗಳನ್ನಷ್ಟೇ ನೋಡಿದರೆ ಸಾಕು.

ಚೌಕಗಳ ಮೇಲೆಯೇ ನಡೆಯುವ ವ್ಯವಸ್ಥೆಗಳಲ್ಲಿ ಇನ್ನೊಂದು ಹಳೆಯ ತಪ್ಪಿದೆ: ಹಳೆಯ ಗ್ರಿಡ್ಡನ್ನು ಓದುತ್ತಲೇ ಅದರ ಮೇಲೆ ಹೊಸದನ್ನು ಬರೆಯುವುದು. ಆಗ ಮೊದಲ ಚೌಕ ನಿನ್ನೆಯದನ್ನೂ ಕೊನೆಯ ಚೌಕ ಇಂದಿನದನ್ನೂ ನೋಡುತ್ತದೆ. ಯಾವಾಗಲೂ ಎರಡು ಗ್ರಿಡ್ ಇಟ್ಟುಕೊಂಡು ಒಂದರಿಂದ ಓದಿ, ಇನ್ನೊಂದಕ್ಕೆ ಬರೆದು, ಅದಲುಬದಲು ಮಾಡಿ. ಕೋಡ್ ಸರಿಯಿದೆಯೇ ಎಂದು ನೋಡಲು 1970ರಲ್ಲಿ ಬೆಳಕಿಗೆ ಬಂದ ಜಾನ್ ಕಾನ್‌ವೇಯ ಗೇಮ್ ಆಫ್ ಲೈಫ್ ಒಳ್ಳೆಯ ಒರೆಗಲ್ಲು. ಜೀವಂತ ಚೌಕಕ್ಕೆ ಸುತ್ತಲಿನ 8ರಲ್ಲಿ 2 ಅಥವಾ 3 ಜೀವಂತ ನೆರೆಯವರಿದ್ದರೆ ಉಳಿಯುತ್ತದೆ, ಸತ್ತ ಚೌಕಕ್ಕೆ ಸರಿಯಾಗಿ 3 ಇದ್ದರೆ ಹುಟ್ಟುತ್ತದೆ, ಉಳಿದದ್ದೆಲ್ಲ ಸಾಯುತ್ತದೆ. ಸಾಲಾಗಿ ಮೂರು ಚೌಕ ಇಡಿ: ಅಡ್ಡ, ಉದ್ದ, ಅಡ್ಡ ಎಂದು ತಿರುಗುತ್ತಿರಬೇಕು. ಗ್ಲೈಡರ್ ಎಂಬ ಐದು ಚೌಕಗಳ ಆಕೃತಿ ನಾಲ್ಕು ಪೀಳಿಗೆಗೊಮ್ಮೆ ಕರ್ಣದ ದಿಕ್ಕಿನಲ್ಲಿ ಒಂದು ಚೌಕ ಮುಂದೆ ಹೋಗಬೇಕು. ಹೋಗದಿದ್ದರೆ ಮುಂದಿನ ಪ್ರಯೋಗಕ್ಕೆ ಕೈ ಹಾಕಬೇಡಿ.

ಮುಂದಿನದು ಪ್ರಾಣಿಗಳ ಮೈಮೇಲಿನ ಚುಕ್ಕೆ ಪಟ್ಟೆಗಳಂಥ ವಿನ್ಯಾಸ. ಎರಡು ದ್ರವ್ಯಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತ ಪರಸ್ಪರ ಪ್ರತಿಕ್ರಿಯಿಸಿದರೆ ತಾನಾಗಿ ವಿನ್ಯಾಸ ಮೂಡಬಲ್ಲದು ಎಂದು ಅಲನ್ ಟ್ಯೂರಿಂಗ್ 1952ರಲ್ಲಿ ತೋರಿಸಿದರು. 200 × 200 ಗ್ರಿಡ್ ತೆಗೆದುಕೊಳ್ಳಿ, ಪ್ರತಿ ಚೌಕದಲ್ಲಿ "ಅ" ಮತ್ತು "ಬ". ಎಲ್ಲ ಕಡೆ ಅ = 1, ಬ = 0; ನಡುವಿನ 10 × 10 ಜಾಗದಲ್ಲಿ ಮಾತ್ರ ಬ = 1. ಪ್ರತಿ ಹೆಜ್ಜೆಯಲ್ಲಿ ಅ × ಬ × ಬ ಎಷ್ಟೋ ಅಷ್ಟು "ಅ"ದಿಂದ ಕಳೆದು "ಬ"ಗೆ ಸೇರಿಸಿ. "ಅ"ಗೆ 0.055 × (1 − ಅ) ಕೂಡಿಸಿ, "ಬ"ದಿಂದ 0.117 × ಬ ಕಳೆಯಿರಿ (0.055 ಮತ್ತು 0.062ರ ಮೊತ್ತ). ಹರಡುವಿಕೆಗೆ ನೆರೆಯ ನಾಲ್ಕು ಚೌಕಕ್ಕೆ 0.2, ಮೂಲೆಯ ನಾಲ್ಕಕ್ಕೆ 0.05, ತನಗೆ −1 ತೂಕ ಕೊಟ್ಟು ಕೂಡಿಸಿ, "ಅ"ಗೆ 1.0ರಿಂದ, "ಬ"ಗೆ 0.5ರಿಂದ ಗುಣಿಸಿ ಸೇರಿಸಿ. ಕಾಲದ ಹೆಜ್ಜೆ 1. ಫ್ರೇಮಿಗೆ ಹತ್ತು ಹೆಜ್ಜೆಯಂತೆ ಓಡಿಸಿದರೂ ವಿನ್ಯಾಸ ಪರದೆ ತುಂಬಲು ಕೆಲವು ಸಾವಿರ ಹೆಜ್ಜೆ ಬೇಕು, ತಾಳ್ಮೆಯಿರಲಿ.

ಒಂಬತ್ತು ತೂಕಗಳ ಮೊತ್ತ ಸೊನ್ನೆ ಆಗಲೇಬೇಕು. ಇಲ್ಲವಾದರೆ ಹರಡುವಿಕೆಯೇ ದ್ರವ್ಯವನ್ನು ಸೃಷ್ಟಿಸುತ್ತದೆ ಇಲ್ಲವೇ ನುಂಗುತ್ತದೆ. ಬೇಗ ಮುಗಿಯಲೆಂದು ಕಾಲದ ಹೆಜ್ಜೆಯನ್ನು ಸುಮಾರು 1.25ಕ್ಕಿಂತ ಹಿಗ್ಗಿಸಿದರೆ ಚದುರಂಗದ ಹಾಸಿನಂಥ ಕಲೆ ಮೂಡಿ ಸಂಖ್ಯೆಗಳು ಹಾರಿಹೋಗುತ್ತವೆ. 0.055 ಮತ್ತು 0.062ರ ಜಾಗದಲ್ಲಿ 0.0367 ಮತ್ತು 0.0649 ಇಟ್ಟು ನೋಡಿ ("ಬ"ದಿಂದ ಕಳೆಯುವ ಮೊತ್ತವೂ ಬದಲಾಗುತ್ತದೆ, ಮರೆಯಬೇಡಿ). ಹವಳದಂಥ ಬಳ್ಳಿಗಳ ಬದಲು ಜೀವಕೋಶಗಳಂತೆ ಒಡೆದು ಎರಡಾಗುವ ಚುಕ್ಕೆಗಳು ಬರುತ್ತವೆ.

ಗಿಡ ಬೆಳೆಸಬೇಕಾದರೆ ಅಕ್ಷರಗಳೇ ಸಾಕು. ಸಸ್ಯವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮಾಯರ್ 1968ರಲ್ಲಿ ಕೊಟ್ಟ ವಿಧಾನ ಇದು. "ಗ" ಎಂದರೆ ಒಂದು ಗೆರೆ ಎಳೆ. + ಮತ್ತು − ಎಂದರೆ 25.7 ಡಿಗ್ರಿ ಆಚೀಚೆ ತಿರುಗು. [ ಎಂದರೆ ಈಗಿನ ಜಾಗ ಮತ್ತು ದಿಕ್ಕು ನೆನಪಿಡು, ] ಎಂದರೆ ಅಲ್ಲಿಗೆ ವಾಪಸಾಗು. ನಿಯಮ ಒಂದೇ: ಗ → ಗ[+ಗ]ಗ[−ಗ]ಗ. ಒಂದು "ಗ" ಪ್ರತಿ ಸುತ್ತಿಗೆ ಐದಾಗುತ್ತದೆ. 5 ಸುತ್ತಿಗೆ 3125 ಗೆರೆ, 7 ಸುತ್ತಿಗೆ 78,125. ಕಾಂಡದ ಎತ್ತರ ಸುತ್ತಿಗೆ ಮೂರು ಪಟ್ಟಾಗುವುದರಿಂದ 5 ಸುತ್ತಿಗೆ 243 ಗೆರೆಯುದ್ದ. ಗೆರೆಗೆ 3 ಪಿಕ್ಸೆಲ್ ಇಟ್ಟರೆ ಗಿಡ 729 ಪಿಕ್ಸೆಲ್. ಸುತ್ತು ಹೆಚ್ಚಿಸುವ ಮುನ್ನ ಈ ಗುಣಾಕಾರ ಮಾಡಿಕೊಂಡರೆ ಕಂಪ್ಯೂಟರ್ ನಿಲ್ಲುವುದು ತಪ್ಪುತ್ತದೆ.

ಹುಡುಕುವ ಕ್ರಮ, ದಾಖಲೆ, ಪರೀಕ್ಷೆ

ಒಳ್ಳೆಯ ಅಳತೆಗಳು ಊಹೆಯಿಂದ ಸಿಗುವುದಿಲ್ಲ. ಎರಡು ಪ್ಯಾರಾಮೀಟರ್ (ಬದಲಿಸಿ ನೋಡಬಲ್ಲ ಅಳತೆ) ಆರಿಸಿ, ಒಂದೊಂದಕ್ಕೆ 5 ಬೆಲೆ ಕೊಟ್ಟು, 25 ಚಿಕ್ಕ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ. ಎಲ್ಲಿ ನಡತೆ ತಟಕ್ಕನೆ ಬದಲಾಗುತ್ತದೋ ಅಲ್ಲಿ ಇನ್ನಷ್ಟು ಹತ್ತಿರದ ಬೆಲೆಗಳೊಂದಿಗೆ ಮತ್ತೊಂದು ಹಾಳೆ. ಎಂಜಿನಿಯರಿಗೆ ಆ ಗಡಿಯಿಂದ ದೂರ ಇರಬೇಕು. ಕಲಾವಿದರಿಗೆ ಬೇಕಾದದ್ದು ಸಾಮಾನ್ಯವಾಗಿ ಆ ಗಡಿಯ ಮೇಲೆಯೇ ಸಿಗುತ್ತದೆ.

ಫೈಲಿನ ಹೆಸರಿನಲ್ಲೇ ರಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರು ಮಾಡುವ ಸಂಖ್ಯೆ), ಪ್ಯಾರಾಮೀಟರ್‌ಗಳು, ಹೆಜ್ಜೆಗಳ ಸಂಖ್ಯೆ ಇರಲಿ. ಅಂಕಿಗಳನ್ನು ಕತ್ತರಿಸಬೇಡಿ. ಹವಾಮಾನದ ಮಾದರಿಯೊಂದನ್ನು ನಡುವಿನಿಂದ ಮತ್ತೆ ಓಡಿಸುವಾಗ ಎಡ್ವರ್ಡ್ ಲೊರೆಂಜ್ 0.506127ರ ಬದಲು ಅಚ್ಚಾಗಿದ್ದ 0.506 ಹಾಕಿದ್ದರು, ಸ್ವಲ್ಪ ಹೊತ್ತು ಹಳೆಯ ದಾರಿಯಲ್ಲೇ ಹೋದ ಫಲಿತಾಂಶ ಆಮೇಲೆ ಪೂರ್ತಿ ಬೇರೆಯಾಯಿತು. ಚೆಂದದ ಚಿತ್ರ ಬಂದು ಸೀಡ್ ಉಳಿಸದಿದ್ದರೆ ಅದು ಮತ್ತೆ ಸಿಗುವುದಿಲ್ಲ.

ಪರೀಕ್ಷೆ ಮೂರು ಬಗೆ. ಓಡಿಸುವ ಮುನ್ನ ಏನಾಗುತ್ತದೆಂದು ಒಂದು ಸಾಲು ಬರೆದಿಟ್ಟು ಆಮೇಲೆ ಹೋಲಿಸಿ. ನೋಡಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎನ್ನುವುದು ಬಲು ಸುಲಭ. ಒಂದೊಂದೇ ಭಾಗವನ್ನು ತೆಗೆದು ಓಡಿಸಿ. ಉತ್ತರ ಬದಲಾಗದಿದ್ದರೆ ಆ ಭಾಗ ಚಿತ್ರದಲ್ಲಿ ಬೇಡ, "ಬಿಟ್ಟದ್ದು" ಪಟ್ಟಿಗೆ ಹೋಗಲಿ.

ಮೂರನೆಯದನ್ನು ಕಲೆಯಿಂದ ಎರವಲು ಪಡೆಯಬೇಕು. ಕಲಾವಿದ ಸೋಲ್ ಲೆವಿಟ್ 1968ರಿಂದ ಗೋಡೆಚಿತ್ರಗಳಿಗೆ ಸೂಚನೆಗಳನ್ನು ಬರೆದರು, ಬಹಳಷ್ಟು ಸಲ ಚಿತ್ರಿಸಿದವರು ಬೇರೆಯವರು. ನಿಮ್ಮ ನಿಯಮಗಳನ್ನೂ ಹಾಗೆಯೇ ಒಂದು ಪುಟದಲ್ಲಿ ಬರೆದು, ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಮಧ್ಯೆ ಬಾಯಿ ಹಾಕಬೇಡಿ. ಇಬ್ಬರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬೇರೆಯಾಗಿವೆ ಎಂದು ಗುರುತು ಹಾಕಿ. ಆ ಜಾಗಗಳಲ್ಲಿ ನಿಮ್ಮ ನಿಯಮ ಏನೂ ಹೇಳುತ್ತಿಲ್ಲ ಎಂದರ್ಥ. ಗೋಡೆಚಿತ್ರವಾದರೆ ಆ ಮೌನವನ್ನು ಬೇಕೆಂದೇ ಬಿಡಬಹುದು. ಲಿಫ್ಟಿನ ಬಾಗಿಲಾದರೆ ಕೋಷ್ಟಕಕ್ಕೆ ವಾಪಸ್ ಹೋಗಿ ಆ ಚೌಕವನ್ನು ತುಂಬಿ.